ಲಕೋಟೆಯ ಬೆನ್ನಿನ ಚೀಟಿ



ಕೊಯಮತ್ತೂರು, ತಿರುಪ್ಪೂರು ಕಡೆಯ ನಮ್ಮ ಕನ್ನಡದ ಮನೆಗಳಲ್ಲಿ ಹಳೆಯ ಕಾಗದಗಳನ್ನು ಕಟ್ಟಿಟ್ಟ ತಗಡಿನ ಪೆಟ್ಟಿಗೆಯೊಂದು ಅಟ್ಟದ ಮೇಲೆ ಇನ್ನೂ ಇರಬಹುದು. ಇದ್ದರೆ ಒಮ್ಮೆ ಇಳಿಸಿ ನೋಡಿ. ಕೆಲವು ಲಕೋಟೆಗಳ ಹಿಂಬದಿಯಲ್ಲಿ ಅಂಚೆಚೀಟಿಯಂತೆಯೇ ಕಾಣುವ, ಆದರೆ ಅಂಚೆಯ ಮುದ್ರೆ ಬೀಳದ ಒಂದು ಬಣ್ಣದ ಚೀಟಿ ಸಿಕ್ಕೀತು. ಅದರಲ್ಲಿ ಎರಡು ಅಡ್ಡಗೆರೆಗಳಿರುವ ಕೆಂಪು ಶಿಲುಬೆಯ ಗುರುತು ಇರುತ್ತದೆ. ಅದೇ ಟಿ.ಬಿ. ಸೀಲ್. ಇಂದಿನ ನನ್ನ ಮಾತು ಆ ಚೀಟಿಯನ್ನು ಕುರಿತದ್ದು, ಅದನ್ನು ಲಕೋಟೆಯ ಬೆನ್ನಿಗೇ ಅಂಟಿಸಬೇಕೆಂದ ಅಂಚೆಯ ನಿಯಮವನ್ನು ಕುರಿತದ್ದು.

ಈ ನಿಯಮ ನನಗೆ ಗೊತ್ತಾದದ್ದು ಒಂದು ತಪ್ಪಿನಿಂದ. 1965ರ ಸುಮಾರು, ಶಾಲೆಯಲ್ಲಿ ಮೇಷ್ಟ್ರು ನಮಗೆಲ್ಲ ಸೀಲುಗಳನ್ನು ಹಂಚಿ, ಕೆಲವೇ ಪೈಸೆ ತರಹೇಳಿದರು. ಕೊಳ್ಳೇಗಾಲದಲ್ಲಿದ್ದ ಸೋದರತ್ತೆಗೆ ನಾನೇ ಕಾಗದ ಬರೆದು, ಲಕೋಟೆಯ ಮುಂಭಾಗದ ಬಲಮೂಲೆಯಲ್ಲಿ ಆ ಸೀಲನ್ನು ಅಂಟಿಸಿ ಪೆಟ್ಟಿಗೆಗೆ ಹಾಕಿಬಂದೆ. ಕಾಗದ ಹೋಯಿತು, ಆದರೆ ಬೇರಿಂಗ್ ಆಗಿ ಹೋಯಿತು. ಅತ್ತೆ ಎರಡರಷ್ಟು ದುಡ್ಡು ತೆತ್ತು ಬಿಡಿಸಿಕೊಂಡರಂತೆ. ವಾರದ ಮೇಲೆ ಅವರ ಕಾರ್ಡು ಬಂತು. ‘ಮಗಾ, ಕ್ಷಯದವರಿಗೆ ನೀನು ಕೊಟ್ಟೆ, ಅಂಚೆಯವರಿಗೆ ನಾನು ಕೊಟ್ಟೆ. ಲೆಕ್ಕ ಸರಿಹೋಯ್ತು ಬಿಡು’ ಎಂದು ಬರೆದಿದ್ದರು. ಮನೆಯವರೆಲ್ಲ ನಕ್ಕರು. ನನಗೆ ಮಾತ್ರ ಅಳು ಬಂತು. ಒಳ್ಳೆಯ ಕೆಲಸಕ್ಕೆ ದುಡ್ಡು ಕೊಟ್ಟು ತಂದ ಚೀಟಿಯನ್ನು ಅಂಚೆಯವರು ಯಾಕೆ ಒಪ್ಪಲಿಲ್ಲ ಎಂಬ ಪ್ರಶ್ನೆ ಬಹುಕಾಲ ನನ್ನಲ್ಲಿ ಉಳಿಯಿತು.

ಉತ್ತರ ಹುಡುಕಿದರೆ ಡೆನ್ಮಾರ್ಕ್ ದೇಶಕ್ಕೆ ಹೋಗಬೇಕಾಗುತ್ತದೆ. ಇಂಥ ಚೀಟಿಯ ಕಲ್ಪನೆ ಹುಟ್ಟಿದ್ದು ಒಬ್ಬ ಅಂಚೆ ನೌಕರನ ತಲೆಯಲ್ಲೇ ಎಂಬುದು ಸ್ವಾರಸ್ಯದ ಸಂಗತಿ. ಅವರ ಹೆಸರು ಐನಾರ್ ಹೋಲ್‌ಬೋಲ್. 1903ರ ಕ್ರಿಸ್‌ಮಸ್ ಸಮಯ. ರಾಶಿರಾಶಿಯಾಗಿ ಬರುವ ಶುಭಾಶಯ ಪತ್ರಗಳನ್ನು ವಿಂಗಡಿಸುತ್ತಿದ್ದಾಗ ಅವರಿಗೆ ಒಂದು ಯೋಚನೆ ಬಂತು. ಪ್ರತಿ ಪತ್ರಕ್ಕೂ ಜನರು ಇನ್ನೊಂದು ಪುಟ್ಟ ಚೀಟಿಯನ್ನು ಕೊಂಡು ಅಂಟಿಸಿದರೆ ಕ್ಷಯ ತಗಲಿದ ಮಕ್ಕಳಿಗೊಂದು ಆಸ್ಪತ್ರೆ ಕಟ್ಟಬಹುದಲ್ಲ! ದೊರೆ ಒಂಬತ್ತನೆಯ ಕ್ರಿಶ್ಚಿಯನ್ ಒಪ್ಪಿದರು. ಮರುವರ್ಷ, 1904ರಲ್ಲಿ, ಮೊದಲ ಸೀಲು ಹೊರಬಂತು. ಆ ಒಂದೇ ಹಬ್ಬದಲ್ಲಿ 40 ಲಕ್ಷಕ್ಕೂ ಹೆಚ್ಚು ಸೀಲುಗಳು ಮಾರಾಟವಾದವು. 1911ರಲ್ಲಿ ಕೋಲ್ಡಿಂಗ್ ಎಂಬಲ್ಲಿ ಆರೋಗ್ಯಧಾಮ ತೆರೆಯಿತು.

1907ರಲ್ಲಿ ಅದೇ ಕಲ್ಪನೆ ಅಮೆರಿಕ ಮುಟ್ಟಿತು. ಡೆಲವೇರ್ ರಾಜ್ಯದಲ್ಲಿ ಒಂದು ಚಿಕ್ಕ ಕ್ಷಯ ಚಿಕಿತ್ಸಾಲಯ ಹಣವಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಿತ್ತು. ಬೇಕಾದದ್ದು 300 ಡಾಲರು. ಎಮಿಲಿ ಬಿಸೆಲ್ ಎಂಬ ಮಹಿಳೆ ಸೀಲು ಮುದ್ರಿಸಿ ಒಂದೊಂದನ್ನು ಒಂದು ಸೆಂಟಿಗೆ ಮಾರಿಸಿದರು. ಕೂಡಿಬಂದದ್ದು ಅದರ ಹತ್ತರಷ್ಟು. ಒಬ್ಬ ಶ್ರೀಮಂತ ಸಾವಿರ ಕೊಡುವ ಬದಲು ಸಾವಿರ ಜನ ಒಂದೊಂದು ಕಾಸು ಕೊಡುವುದು ಈ ಕ್ರಮದ ಬಲ. ಹಾಗೆ ಕೊಟ್ಟವರು ರೋಗದ ಹೆಸರನ್ನು ಬಾಯಿಬಿಟ್ಟು ಹೇಳುವುದನ್ನೂ ಕಲಿತರು. ಕ್ಷಯದ ಮಟ್ಟಿಗೆ ಅದೇನೂ ಸಣ್ಣ ಕಲಿಕೆಯಲ್ಲ.

ಏಕೆಂದರೆ ಕ್ಷಯವೆಂದರೆ ಆಗ ಮುಚ್ಚಿಡುವ ರೋಗ. ಅದು ಅರಮನೆಯನ್ನೂ ಬಿಟ್ಟಿರಲಿಲ್ಲ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕ್ಷಯದಿಂದ ತೀರಿಕೊಂಡ ತಮ್ಮ ಸಹೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ಆರೋಗ್ಯಧಾಮವನ್ನೇ ಕಟ್ಟಿಸಿದರು. ಇನ್ನು ನಮ್ಮ ಕಡೆಯ ಸ್ಥಿತಿಯನ್ನು ಹೇಳಬೇಕೇ? 1888ರಲ್ಲಿ ಸ್ಟೇನ್ಸ್ ಮಿಲ್ಲಿನಿಂದ ಕೊಯಮತ್ತೂರಿನ ನೂಲಿನ ಗಿರಣಿಗಳ ಕಾಲ ಶುರುವಾಯಿತು. 1930ರ ದಶಕದಲ್ಲಿ ಪೈಕಾರದ ವಿದ್ಯುತ್ತು ಬಂದ ಮೇಲೆ ಗಿರಣಿಗಳು ಒಂದರ ಹಿಂದೊಂದು ಎದ್ದವು. ಹತ್ತಿಯ ಧೂಳು, ಗಾಳಿ ಬೆಳಕು ಕಡಿಮೆಯಿದ್ದ ಸಾಲುಮನೆಗಳು, ಒಂದೇ ಕೋಣೆಯಲ್ಲಿ ಏಳೆಂಟು ಜನ. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ದಿನವಿಡೀ ಕೂರುತ್ತಿದ್ದ ನಮ್ಮ ದೇವಾಂಗದವರ ಮನೆಗಳಲ್ಲೂ ಅಷ್ಟೇ. ಧೂಳು ತಾನಾಗಿ ಕ್ಷಯ ತರುವುದಿಲ್ಲ. ಆದರೆ ಕಿಕ್ಕಿರಿದ ವಾಸ, ಅರೆಹೊಟ್ಟೆ, ಒಬ್ಬರ ಕೆಮ್ಮು ಇನ್ನೊಬ್ಬರಿಗೆ ತಗಲುವ ಸಾಮೀಪ್ಯ, ಇವು ರೋಗಾಣುವಿಗೆ ಒಳ್ಳೆಯ ನೆಲೆ. ಕೈಯಲ್ಲಿ ಕಾಸಿದ್ದವರು, ಆಗ ಕೊಯಮತ್ತೂರು ಜಿಲ್ಲೆಗೇ ಸೇರಿದ್ದ ಪೆರುಂದುರೈ ಆರೋಗ್ಯಧಾಮದತ್ತ ಆಸೆಯಿಂದ ನೋಡುತ್ತಿದ್ದರು. ಇಲ್ಲದವರು ಮನೆಯಲ್ಲೇ ಕೆಮ್ಮುತ್ತ ಕಾಲ ಕಳೆದರು.

ಭಾರತದಲ್ಲಿ ದೊಡ್ಡ ಪ್ರಮಾಣದ ಹಣಸಂಗ್ರಹ ನಡೆದದ್ದು 1937ರ ಕೊನೆಯಲ್ಲಿ. ವೈಸರಾಯ್ ಪತ್ನಿ ಲೇಡಿ ಲಿನ್‌ಲಿತ್‌ಗೋ ಅವರು ಚಕ್ರವರ್ತಿಯ ಹೆಸರಿನ ಕ್ಷಯ ನಿವಾರಣ ನಿಧಿಗೆ ಕರೆಕೊಟ್ಟರು. ಆ ನಿಧಿಯ ಆಧಾರದ ಮೇಲೆ 1939ರಲ್ಲಿ ಭಾರತ ಕ್ಷಯರೋಗ ಸಂಘ ಸ್ಥಾಪನೆಯಾಯಿತು. ಸ್ವಾತಂತ್ರ್ಯ ಬಂದ ಮೇಲೆ, 1950ರಲ್ಲಿ, ಈ ಸಂಘವೇ ಟಿ.ಬಿ. ಸೀಲ್ ಆಂದೋಲನವನ್ನು ಆರಂಭಿಸಿತು. ಬೇರೆ ದೇಶಗಳಲ್ಲಿ ಕ್ರಿಸ್‌ಮಸ್‌ಗೆ ಹೊಂದಿಕೊಂಡಿದ್ದ ಸೀಲು ಇಲ್ಲಿ ಗಾಂಧಿ ಜಯಂತಿಗೆ ಹೊಂದಿಕೊಂಡಿತು. ಅಕ್ಟೋಬರ್ 2ರಂದು ಮಾರಾಟದ ಆರಂಭ. ಶಾಲೆಯ ಮಕ್ಕಳೇ ಮುಖ್ಯ ಮಾರಾಟಗಾರರು. ನನ್ನ ಕೈಗೆ ಸೀಲು ಬಂದದ್ದು ಹೀಗೆ.

ಈಗ ನಿಯಮಕ್ಕೆ ಬರೋಣ. ದೇಶ ದೇಶಗಳ ನಡುವಿನ ಅಂಚೆ ವ್ಯವಹಾರವನ್ನು ನಡೆಸುವುದು ವಿಶ್ವ ಅಂಚೆ ಒಕ್ಕೂಟ. 1876ರಿಂದ ಭಾರತವೂ ಅದರಲ್ಲಿದೆ. ಅಂಚೆಚೀಟಿಯೆಂದು ತಪ್ಪಾಗಿ ತಿಳಿಯಬಹುದಾದ ಧರ್ಮಾರ್ಥ ಚೀಟಿಗಳನ್ನು ವಿಳಾಸವಿರುವ ಮುಖದ ಮೇಲೆ ಅಂಟಿಸಕೂಡದು ಎಂಬುದು ಅದರ ನಿಯಮ. ಕಾರಣ ಸರಳವಾದದ್ದು. ಓಡುವ ರೈಲಿನ ಆರ್.ಎಂ.ಎಸ್. ಡಬ್ಬಿಯಲ್ಲಿ ನಡುರಾತ್ರಿ ನಿಂತು ಕಾಗದ ವಿಂಗಡಿಸುತ್ತಿದ್ದವನಿಗೆ ಪ್ರತಿ ಲಕೋಟೆಗೆ ಸಿಗುತ್ತಿದ್ದುದು ಒಂದು ಕ್ಷಣ. ಅವನ ಕಣ್ಣು ಬಲಮೂಲೆಯ ಚೀಟಿಯನ್ನೂ ನಡುವಿನ ಊರಿನ ಹೆಸರನ್ನೂ ಮಾತ್ರ ನೋಡುತ್ತಿತ್ತು. ಅಲ್ಲಿ ಬೇರೊಂದು ಬಣ್ಣದ ಚೀಟಿ ಕುಳಿತರೆ ಗೊಂದಲ. ಸರಕಾರದ ಅಂಚೆಚೀಟಿಯನ್ನು ಹೋಲುವ ಹುಸಿ ಚೀಟಿ ತಯಾರಿಸುವುದನ್ನು 1895ರಲ್ಲೇ ಭಾರತ ದಂಡ ಸಂಹಿತೆಗೆ ಸೇರಿಸಿದ 263ಎ ಕಲಮು ಅಪರಾಧವೆಂದು ಸಾರಿತ್ತು. ಹಾಗಾಗಿ ಸೀಲು ತಾನು ಅಂಚೆಚೀಟಿಯಲ್ಲ ಎಂಬುದನ್ನು ನೋಟದಲ್ಲೂ ಜಾಗದಲ್ಲೂ ತೋರಿಸಿಕೊಳ್ಳಬೇಕು.

ಅಂಚೆಚೀಟಿ ಎಂದರೆ ಒಪ್ಪಿದ ಕೆಲಸಕ್ಕೆ ತೆತ್ತ ಕೂಲಿಯ ರಸೀದಿ. ಸೀಲು ಎಂದರೆ ಕೊಟ್ಟ ದಾನದ ಗುರುತು. ದಾನ ಕೊಟ್ಟೆನೆಂದು ಕೂಲಿ ಉಳಿಸಿಕೊಳ್ಳುವಂತಿಲ್ಲ. ನಾನು ಮಾಡಿದ್ದು ಅದನ್ನೇ. ನನ್ನ ದಾನದ ಭಾರ ಅತ್ತೆಯ ಮೇಲೆ ಬಿತ್ತು.

ಹಾಗಾದರೆ ಕೂಲಿ, ದಾನ ಎರಡನ್ನೂ ಒಂದೇ ಚೀಟಿಯಲ್ಲಿ ಸೇರಿಸಬಾರದೇ? ಸೇರಿಸಬಹುದು, ಆದರೆ ಅದನ್ನು ಸರಕಾರವೇ ಮಾಡಬೇಕು. 1897ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಹಾಗೆ ಮಾಡಿತು. ಒಂದು ಪೆನ್ನಿಯ ಅಂಚೆಚೀಟಿಯನ್ನು ಒಂದು ಶಿಲಿಂಗಿಗೆ, ಎಂದರೆ ಹನ್ನೆರಡರಷ್ಟು ಬೆಲೆಗೆ ಮಾರಿ, ಹೆಚ್ಚಿನದನ್ನು ಕ್ಷಯರೋಗಿಗಳ ಆಶ್ರಯಕ್ಕೆ ಕೊಟ್ಟಿತು. 1938ರಲ್ಲಿ, ರೇಡಿಯಂ ಪತ್ತೆಯಾಗಿ ನಲವತ್ತು ವರ್ಷ ತುಂಬಿದಾಗ, ಫ್ರಾನ್ಸ್ ಕ್ಯೂರಿ ದಂಪತಿಗಳ ಚಿತ್ರದ ಚೀಟಿ ಹೊರಡಿಸಿತು. 1 ಫ್ರಾಂಕ್ 75 ಸೆಂಟೀಮ್ ಅಂಚೆಗೆ, ಇನ್ನು 50 ಸೆಂಟೀಮ್ ಕ್ಯಾನ್ಸರ್ ವಿರುದ್ಧದ ಅಂತರರಾಷ್ಟ್ರೀಯ ಒಕ್ಕೂಟಕ್ಕೆ. ಅದೇ ಚಿತ್ರದ ಚೀಟಿ ಫ್ರೆಂಚ್ ವಸಾಹತುಗಳಿಗೂ ಬಂತು, ನಮ್ಮ ಪಾಂಡಿಚೇರಿಯನ್ನೊಳಗೊಂಡ ಫ್ರೆಂಚ್ ಇಂಡಿಯಾಕ್ಕೂ ಬಂತು.

ಸಂಶೋಧನೆಗೆಂದೇ ಹೊರಟ ಚೀಟಿಗಳಲ್ಲಿ ಹೆಸರಾದದ್ದು ಅಮೆರಿಕದ ಸ್ತನ ಕ್ಯಾನ್ಸರ್ ಅಂಚೆಚೀಟಿ. ಒಬ್ಬ ಶಸ್ತ್ರವೈದ್ಯ, ಡಾ. ಅರ್ನಿ ಬೊಡಾಯ್, ಇದಕ್ಕಾಗಿ ಓಡಾಡಿದರು. 1997ರಲ್ಲಿ ಕಾನೂನಾಯಿತು, 1998ರ ಜುಲೈಯಲ್ಲಿ ಚೀಟಿ ಬಂತು. ಪತ್ರದ ದರ 32 ಸೆಂಟು, ಚೀಟಿಯ ಬೆಲೆ 40. ಖರ್ಚು ಕಳೆದು ಉಳಿದದ್ದರಲ್ಲಿ ನೂರಕ್ಕೆ 70 ಭಾಗ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ, 30 ಭಾಗ ರಕ್ಷಣಾ ಇಲಾಖೆಯ ವೈದ್ಯಕೀಯ ಸಂಶೋಧನೆಗೆ ಎಂದು ಕಾನೂನೇ ಹಂಚಿಟ್ಟಿತು. ನೂರು ಕೋಟಿಗೂ ಹೆಚ್ಚು ಚೀಟಿಗಳು ಮಾರಿ, 9 ಕೋಟಿ ಡಾಲರಿಗಿಂತ ಹೆಚ್ಚು ಹಣ ಕೂಡಿತು. ಪಕ್ಕದಲ್ಲೇ ಸಾದಾ ಚೀಟಿ ಸಿಗುತ್ತಿತ್ತು. ಬೇಕಾದವರು ಇದನ್ನು ಕೊಂಡರು.

ನಮ್ಮ ಅಂಚೆ ಇಲಾಖೆ ಸಾಮಾನ್ಯವಾಗಿ ಆ ದಾರಿ ಹಿಡಿಯಲಿಲ್ಲ. 1982ರ ಮಾರ್ಚ್ 24ರಂದು, ಕ್ಷಯದ ರೋಗಾಣು ಪತ್ತೆಯಾಗಿ ನೂರು ವರ್ಷವಾದಾಗ, ರಾಬರ್ಟ್ ಕಾಕ್ ಅವರ ನೆನಪಿಗೆ 35 ಪೈಸೆಯ ಚೀಟಿ ಬಂತು. ಅಷ್ಟೂ ಅಂಚೆಯ ದರವೇ. ಆದರೆ ಒಮ್ಮೆ ಮಾತ್ರ ಎಲ್ಲರೂ ಕೊಡಲೇಬೇಕಾದ ಚೀಟಿ ಬಂದಿತ್ತು. ಹಿರಿಯರಿಗೆ ನೆನಪಿದ್ದೀತು. ಪೂರ್ವ ಪಾಕಿಸ್ತಾನದಿಂದ ಕೋಟಿಯಷ್ಟು ನಿರಾಶ್ರಿತರು ಬಂದ 1971ರಲ್ಲಿ, ನವೆಂಬರ್ 15ರಿಂದ, ಅಂಚೆಗೆ 5 ಪೈಸೆಯ ನಿರಾಶ್ರಿತ ಪರಿಹಾರದ ಚೀಟಿಯನ್ನು ಹೆಚ್ಚಿಗೆ ಅಂಟಿಸಬೇಕಾಯಿತು. ಹೊಸ ಚೀಟಿ ಅಚ್ಚಾಗುವ ತನಕ ಕುಟುಂಬ ಯೋಜನೆಯ 5 ಪೈಸೆ ಚೀಟಿಯ ಮೇಲೆಯೇ ಅಕ್ಷರ ಮುದ್ರಿಸಿ ಮಾರಿದರು. ಬೆಂಗಳೂರಿನಲ್ಲಿ ಸ್ಥಳೀಯವಾಗಿ ಮುದ್ರಿಸಿದ್ದೂ ಉಂಟು. 1973ರಲ್ಲಿ ಅದು ನಿಂತಿತು. ಕಾರಣ ಒಳ್ಳೆಯದೇ. ಆದರೂ ಅದು ತೆರಿಗೆ, ದಾನವಲ್ಲ. ಅದಕ್ಕೆ ಲಕೋಟೆಯ ಮುಂಭಾಗದಲ್ಲಿ ಜಾಗ ಸಿಕ್ಕಿತು. ಮನಸ್ಸಿದ್ದವರು ಮಾತ್ರ ಕೊಡುವ ಸೀಲು ಬೆನ್ನಿನಲ್ಲೇ ಉಳಿಯಿತು.

ಬೆನ್ನಿಗಂಟಿದ ಆ ಪೈಸೆಗಳಿಂದ ಏನಾಯಿತು ಎಂದು ಕೇಳಬಹುದು. ಹೆಚ್ಚು ಮಾಡಿ ಹೇಳಬಾರದು. ನಮ್ಮ ದೇಶದ ದೊಡ್ಡ ಕ್ಷಯ ಸಂಶೋಧನೆಗಳು ನಡೆದದ್ದು ಮುಖ್ಯವಾಗಿ ಸರಕಾರದ ಮತ್ತು ಅಂತರರಾಷ್ಟ್ರೀಯ ಸಂಸ್ಥೆಗಳ ಹಣದಿಂದ. ಸೀಲಿನ ಹಣ ಹೋದದ್ದು ತಿಳಿವಳಿಕೆ ಹಬ್ಬಿಸುವುದಕ್ಕೆ, ರೋಗಿಗಳ ನೆರವಿಗೆ, ಸಂಘದ ಕೆಲಸಗಳಿಗೆ. ವೈದ್ಯರು ತಮ್ಮ ಅಧ್ಯಯನಗಳನ್ನು ಪ್ರಕಟಿಸಲೆಂದು 1953ರಿಂದ ಒಂದು ಪತ್ರಿಕೆಯನ್ನು ನಡೆಸಿಕೊಂಡು ಬಂದದ್ದೂ ಈ ಸಂಘವೇ.

ಆ ವರ್ಷಗಳಲ್ಲೇ ನಮ್ಮ ಹತ್ತಿರದಲ್ಲಿ ಒಂದು ದೊಡ್ಡ ಕೆಲಸ ನಡೆಯಿತು. 1956ರಲ್ಲಿ ಮದ್ರಾಸಿನಲ್ಲಿ ಕ್ಷಯ ಔಷಧೋಪಚಾರ ಕೇಂದ್ರ ಆರಂಭವಾಯಿತು. ಅಲ್ಲಿ 193 ಬಡ ರೋಗಿಗಳಲ್ಲಿ ಕೆಲವರನ್ನು ಆರೋಗ್ಯಧಾಮದಲ್ಲಿಟ್ಟು, ಉಳಿದವರನ್ನು ಅವರ ಇಕ್ಕಟ್ಟಿನ ಮನೆಗಳಲ್ಲೇ ಬಿಟ್ಟು, ಎಲ್ಲರಿಗೂ ಅದೇ ಔಷಧ ಕೊಟ್ಟು ನೋಡಿದರು. 1959ರಲ್ಲಿ ಫಲಿತಾಂಶ ಹೊರಬಂತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಮನೆಮಂದಿಗೆ ಹೆಚ್ಚಿನ ಅಪಾಯವೂ ಆಗಿರಲಿಲ್ಲ. ಬೆಟ್ಟದ ಗಾಳಿ, ವರ್ಷಗಟ್ಟಲೆ ವಿಶ್ರಾಂತಿ ಇಲ್ಲದೆಯೂ ಬಡವನು ಬದುಕಬಹುದು ಎಂದು ಲೋಕಕ್ಕೆ ಗೊತ್ತಾಯಿತು. 1959ರಲ್ಲೇ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಈ ತಿಳಿವಳಿಕೆಯನ್ನು ಹಳ್ಳಿಯ ಆಸ್ಪತ್ರೆಗಳವರೆಗೆ ಒಯ್ಯುವ ಕಾರ್ಯಕ್ರಮವನ್ನು ರೂಪಿಸಿತು. ಪೆರುಂದುರೈಯ ಆರೋಗ್ಯಧಾಮವಿದ್ದ ಕಡೆ ಇಂದು ವೈದ್ಯಕೀಯ ಕಾಲೇಜಿದೆ. ಅಲ್ಲಿನ ಅಂಚೆಯ ವಿಳಾಸದಲ್ಲಿ ಮಾತ್ರ ಸ್ಯಾನಿಟೋರಿಯಂ ಎಂಬ ಮಾತು ಉಳಿದುಕೊಂಡಿದೆ.

ರೋಗ ಮಾತ್ರ ಹೋಗಿಲ್ಲ. ಲೋಕದ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಇಂದಿಗೂ ನಮ್ಮ ದೇಶದವರು. ಔಷಧ ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ರೋಗಿಯ ಆಹಾರಕ್ಕೆ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದನ್ನು 2024ರ ನವೆಂಬರಿನಿಂದ 1000 ಮಾಡಿದ್ದಾರೆ. ಆದರೆ ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ ದೂರದ ಊರುಗಳಿಂದ ಬಂದು ಒಂದೇ ಕೋಣೆಯಲ್ಲಿ ಹಲವರು ಮಲಗುವ ಹುಡುಗರು ಎರಡು ವಾರದ ಕೆಮ್ಮನ್ನು ಇಂದಿಗೂ ಮುಚ್ಚಿಡುತ್ತಾರೆ. ಕೆಲಸ ಹೋದೀತೆಂಬ ಹೆದರಿಕೆ. ಕಾಗದ ಬರೆಯುವವರು ಕಡಿಮೆಯಾದರು, ಸೀಲು ಅಂಟಿಸಲು ಲಕೋಟೆಯೇ ಇಲ್ಲ. ಸೀಲು ಮಾಡುತ್ತಿದ್ದ ಕೆಲಸವನ್ನು, ಎಂದರೆ ಆ ರೋಗದ ಹೆಸರನ್ನು ನಾಚಿಕೆಯಿಲ್ಲದೆ ಹೇಳುವುದನ್ನು, ಈಗ ನಮ್ಮ ನಾಲಗೆಯೇ ಮಾಡಬೇಕು. ನಿಮ್ಮ ಬೀದಿಯಲ್ಲಿ ಯಾರಾದರೂ ಹಾಗೆ ಕೆಮ್ಮುತ್ತಿದ್ದರೆ ಆಸ್ಪತ್ರೆಯ ದಾರಿ ತೋರಿಸಿ. ಸಾಧ್ಯವಾದರೆ ಜೊತೆಗೆ ಹೋಗಿ.

ನನ್ನ ಅತ್ತೆ ಈಗಿಲ್ಲ. 1956ರ ತನಕ ಕೊಳ್ಳೇಗಾಲ ನಮ್ಮ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಗಡಿ ಬದಲಾದ ಮೇಲೂ ದಿಂಬಂ ಘಟ್ಟದ ಈ ಕಡೆಯಿಂದ ಆ ಕಡೆಗೆ ಕಾಗದಗಳು ಹೋಗುತ್ತಲೇ ಇದ್ದವು. ಅವರ ಪೆಟ್ಟಿಗೆಯಲ್ಲಿ ನನ್ನ ಆ ಬೇರಿಂಗ್ ಲಕೋಟೆ ಸಿಕ್ಕಿತು. ಮುಂದೆ ಬಲಮೂಲೆಯಲ್ಲಿ ಸೀಲಿನ ಗುರುತಷ್ಟೇ ಇತ್ತು. ಸೀಲನ್ನು ಅವರು ಜೋಪಾನವಾಗಿ ನೆನೆಸಿ ಬಿಡಿಸಿ, ಹಿಂದೆ, ಅದು ಇರಬೇಕಾದ ಜಾಗದಲ್ಲಿ, ಅಂಟಿಸಿಟ್ಟಿದ್ದರು.