ಬೇಹು ಮತ್ತು ಬೇಹಾರ

ಯುದ್ಧಗಳ ಚರಿತ್ರೆಯನ್ನು ಕುರಿತು ಕಾಗದ ಬರೆದ ವಾಚಕರೊಬ್ಬರು ‘ಸೇನೆಯ ಬುದ್ಧಿಮತ್ತೆ’ ಎಂಬ ಮಾತನ್ನು ಮೇಲಿಂದ ಮೇಲೆ ಬಳಸಿರುವರು. ಸೇನೆಗೆ ಬುದ್ಧಿಯಿರಬೇಕಾದುದು ನ್ಯಾಯವೇ. ಆದರೆ ಅವರ ಮನಸ್ಸಿನಲ್ಲಿದ್ದುದು ಬೇಹುಗಾರಿಕೆಯೆಂದು ತಿಳಿಯಲು ನಾನು ಕಾಗದವನ್ನು ಮರಳಿ ಓದಬೇಕಾಯಿತು. ‘ಬೇಹು’ ಎಂಬ ಎರಡಕ್ಷರದ ಗಟ್ಟಿ ಮಾತು ಮನೆಯಲ್ಲಿಯೇ ಇರುವಾಗ, ಇಂಗ್ಲಿಷಿನ ಕೋಟಿಗೆ ಸಂಸ್ಕೃತದ ಗುಂಡಿ ಹೊಲಿದು ಕನ್ನಡವೆಂದು ತೊಡುವ ಚಪಲ ಈಚೆಗೆ ಪತ್ರಿಕೆಗಳಲ್ಲಿಯೂ ಬೆಳೆಯುತ್ತಿದೆ.

ತಮಿಳಿನ ವೇವು, ತೆಲುಗಿನ ವೇಗು ಇದರ ಒಡಹುಟ್ಟುಗಳೆಂದು ಪಂಡಿತರು ಹೇಳುವರು; ಅಲ್ಲಗಳೆಯುವ ಧೈರ್ಯ ನನಗಿಲ್ಲ. ಆದರೂ, ವ್ಯವಹಾರವು ಹಳೆಯ ಕನ್ನಡದಲ್ಲಿ ಬೇಹಾರವಾದುದನ್ನು ಕಂಡಾಗಲೆಲ್ಲ, ಬೇಹಿಗೂ ಬೇಹಾರಕ್ಕೂ ಯಾವುದೋ ಸಂತೆಯಲ್ಲಿ ನಂಟು ಕುದುರಿರಬೇಕೆಂಬ ನನ್ನ ಹಟ ಸಡಿಲವಾಗದು. ಸಾಕ್ಷಿಗೆ ಕೌಟಿಲ್ಯನಿರುವನು. ಮೈಸೂರಿನ ಪ್ರಾಚ್ಯ ಗ್ರಂಥಾಲಯದ ತಾಳೆಯೋಲೆಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚಿಗೆ ತಂದ ಅರ್ಥಶಾಸ್ತ್ರದಲ್ಲಿ, ಜೀವನೋಪಾಯ ಕಳೆದುಕೊಂಡ ವರ್ತಕನನ್ನೇ ಚಾರನನ್ನಾಗಿ ನೇಮಿಸುವ ವಿಧಿಯುಂಟು. ಅವನಿಗಿಂತ ರಮ್ಯನಾದವನು ತಾಪಸವೇಷದ ಚಾರ. ಈತ ಬಹುಮಂದಿ ಶಿಷ್ಯರೊಡನೆ ಊರ ಹತ್ತಿರ ಬೀಡುಬಿಟ್ಟು, ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಒಂದು ಹಿಡಿ ಸೊಪ್ಪನ್ನೋ ಜವೆಯನ್ನೋ ಎಲ್ಲರ ಕಣ್ಣೆದುರಿಗೆ ತಿಂದು, ಮರೆಯಲ್ಲಿ ಮನಸ್ಸಿಗೆ ಬಂದುದನ್ನು ಉಣ್ಣುವನು. ಭಕ್ತರಿಗೆ ‘ಬೆಂಕಿ ಬೀಳುವುದು, ಕಳ್ಳರ ಭಯವಿದೆ’ ಎಂದು ಭವಿಷ್ಯ ನುಡಿದರೆ, ಉಳಿದ ಚಾರರು ಅದನ್ನು ನಿಜವಾಗಿಸುವರು. ಇಂಥ ಮಹಿಮಾವಂತನನ್ನು ಮೊದಲು ಪೂಜಿಸಬೇಕಾದವರು ಯಾರು? ಆ ವರ್ತಕಚಾರನ ಕಡೆಯವರೇ! ಸನ್ಯಾಸಿಗೂ ಬೇಹಾರಿಯ ಆಸರೆ ತಪ್ಪಲಿಲ್ಲ.

ಗೋಡೆಗೂ ಕಿವಿಯುಂಟೆಂಬ ಗಾದೆಯನ್ನು ನಾವು ಬಾಯಿ ಮುಚ್ಚಿಸುವುದಕ್ಕೆ ಮಾತ್ರ ಬಳಸುತ್ತೇವೆ. ಆ ಕಿವಿಗೆಂದೇ ಮಾತನಾಡುವುದೂ ಒಂದು ವಿದ್ಯೆ. 1942ರ ಮೇ ತಿಂಗಳಲ್ಲಿ ಪರ್ಲ್ ಹಾರ್ಬರಿನಲ್ಲಿದ್ದ ಅಮೆರಿಕದ ನೌಕಾಧಿಕಾರಿ ಜೋಸೆಫ್ ರೋಶ್‌ಫೋರ್ಟನ ತಂಡದವರು, ಜಪಾನೀ ನೌಕಾಪಡೆಯ ಸಂಕೇತವಾರ್ತೆಗಳನ್ನು ಅರ್ಧಂಬರ್ಧ ಬಿಡಿಸಿ, ದಾಳಿ ‘ಎ.ಎಫ್.’ ಎಂಬ ಎಡೆಯ ಮೇಲೆಂದು ಅರಿತಿದ್ದರು. ಆ ಎಡೆ ಮಿಡ್‌ವೇ ದ್ವೀಪವೆಂದರೆ ವಾಷಿಂಗ್ಟನ್ನಿನಲ್ಲಿ ನಂಬುವವರಿರಲಿಲ್ಲ. ಆಗ ಸಮುದ್ರದಡಿಯ ತಂತಿಯಲ್ಲಿ ಗುಟ್ಟಾಗಿ ಹೇಳಿಕಳುಹಿಸಿ, ಸಿಹಿನೀರಿನ ಯಂತ್ರ ಕೆಟ್ಟಿತೆಂದು ದ್ವೀಪದವರಿಂದಲೇ ರೇಡಿಯೋದಲ್ಲಿ ಬಹಿರಂಗವಾಗಿ ಗೋಳಿಡಿಸಿದರು. ಎ.ಎಫ್.ನಲ್ಲಿ ನೀರಿಗೆ ಬರವೆಂಬ ಜಪಾನೀ ವಾರ್ತೆ ಕೆಲವೇ ದಿನಗಳಲ್ಲಿ ಕೈಗೆ ಬಂತು. ಹುಸಿ ಸುದ್ದಿಯೊಂದನ್ನು ಕೊಟ್ಟು ನಿಜವಾದ ಹೆಸರೊಂದನ್ನು ಕೊಂಡ ಈ ಬೇಹಾರಕ್ಕೆ ಜಪಾನು ಜೂನ್ ತಿಂಗಳಲ್ಲಿ ನಾಲ್ಕು ವಿಮಾನವಾಹಕ ಹಡಗುಗಳನ್ನು ತೆತ್ತಿತು.