ಸಾವಿರ ಪ್ರತಿಗಳೂ ಬೀಗ ಹಾಕಿದ ಬೀರುವೂ

ಪ್ರತಿವರ್ಷ ಯುಗಾದಿಯಂದು ಹೊಸ ನೋಟುಪುಸ್ತಕವೊಂದರ ಮೊದಲ ಪುಟದಲ್ಲಿ, ಆ ವರ್ಷ ಓದಬೇಕೆಂದುಕೊಂಡ ಪುಸ್ತಕಗಳ ಸಂಖ್ಯೆಯನ್ನು ಬರೆದಿಡುವುದು ನನ್ನ ಹಳೆಯ ಅಭ್ಯಾಸ. ಇಪ್ಪತ್ತನಾಲ್ಕು ಎಂದು ಬರೆದು ಹದಿನೇಳಕ್ಕೆ ನಿಂತ ವರ್ಷಗಳೇ ಹೆಚ್ಚು. ನಿವೃತ್ತಿಯಾದ ಮೇಲೆ ಬಿಡುವು ಹೆಚ್ಚಿತು, ಕಣ್ಣಿನ ಶಕ್ತಿ ಕುಂದಿತು. ಲೆಕ್ಕ ಮಾತ್ರ ಅಲ್ಲಿಂದಲ್ಲಿಗೇ ಉಳಿಯಿತು. ಈಚೆಗೆ ಆ ನೋಟುಪುಸ್ತಕಗಳನ್ನೆಲ್ಲ ತೆರೆದು ಕುಳಿತಾಗ ಒಂದು ಸಂಗತಿ ಮನಸ್ಸಿಗೆ ಚುಚ್ಚಿತು. ನಾನು ಓದಿದ ಪುಸ್ತಕಗಳ ಲೆಕ್ಕ ಅಲ್ಲಿತ್ತು. ಇನ್ನೊಬ್ಬರಿಗೆ ಓದಲು ಕೊಟ್ಟವುಗಳ ಲೆಕ್ಕ ಎಲ್ಲಿಯೂ ಇರಲಿಲ್ಲ.

ಓದಿಗೆ ಗುರಿಯಿಟ್ಟುಕೊಳ್ಳುವುದು ಈಚಿನವರ ಪದ್ಧತಿಯೆಂದು ಹಲವರು ತಿಳಿದಿದ್ದಾರೆ. ಭಾಗವತವನ್ನು ಏಳು ದಿನಗಳಲ್ಲಿ ಮುಗಿಸುವ ಸಪ್ತಾಹ, ರಾಮಾಯಣವನ್ನು ಒಂಬತ್ತು ದಿನಗಳಲ್ಲಿ ಮುಗಿಸುವ ನವಾಹ, ಇವು ಗುರಿಯಿಟ್ಟ ಓದಲ್ಲದೆ ಮತ್ತೇನು? ಆದರೆ ಅಲ್ಲಿ ಓದುವವನು ಒಬ್ಬ, ಕೇಳುವವರು ಹಲವರು. ದಿಬ್ಬೂರಹಳ್ಳಿಯ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬಂತೆ ಬೆಳೆದವರು ಬಹಳ. ನಾನು ಚಿಕ್ಕವನಿದ್ದಾಗ ಭಾರತ ಓದಿಸುವ ರಾತ್ರಿಗಳಲ್ಲಿ ಒಬ್ಬರು ಕುಮಾರವ್ಯಾಸನ ಷಟ್ಪದಿಯನ್ನು ರಾಗವಾಗಿ ಓದುತ್ತಿದ್ದರು, ಪಕ್ಕದಲ್ಲಿ ಕುಳಿತವರು ಅರ್ಥ ಹೇಳುತ್ತಿದ್ದರು. ಅರ್ಥ ಹೇಳುವವರು ರಸ ಏರಿದಂತೆಲ್ಲ ತಮಗರಿವಿಲ್ಲದೆ ತೆಲುಗಿಗೆ ಹೊರಳುತ್ತಿದ್ದರು. ಯಾರೂ ಅದನ್ನು ತಪ್ಪೆಂದು ಎಣಿಸುತ್ತಿರಲಿಲ್ಲ. ಊರಿಗೆ ಇದ್ದದ್ದು ಒಂದೇ ಪುಸ್ತಕ. ಅದನ್ನು ಓದಿದವರ ಸಂಖ್ಯೆಯನ್ನು ಹೇಗೆ ಎಣಿಸುವುದು?

ಪುಸ್ತಕ ಹಂಚುವ ವಿಚಾರಕ್ಕೆ ಬಂದರೆ ಕನ್ನಡ ನಾಡಿನಲ್ಲಿ ಮೊದಲು ನೆನೆಯಬೇಕಾದವಳು ಅತ್ತಿಮಬ್ಬೆ. ‘ದಾನಚಿಂತಾಮಣಿ’ ಎಂಬ ಆಕೆಯ ಬಿರುದನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಯಾರಾದರೊಬ್ಬ ಹುಡುಗ ಎದ್ದು, “ನಮ್ಮ ಚಿಂತಾಮಣಿಯವರಾ ಸಾರ್?” ಎಂದು ಕೇಳುತ್ತಿದ್ದ. ಅಲ್ಲ, ಆಕೆ ಬಸದಿ ಕಟ್ಟಿಸಿದ್ದು ಗದಗದ ಬಳಿಯ ಲಕ್ಕುಂಡಿಯಲ್ಲಿ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ ಪೊನ್ನಕವಿಯ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಆಕೆ ದಾನ ಮಾಡಿದಳೆಂಬುದು ಪ್ರಸಿದ್ಧ ಸಂಗತಿ. ರನ್ನನು 993ರಲ್ಲಿ ‘ಅಜಿತಪುರಾಣ’ವನ್ನು ರಚಿಸಿದ್ದೂ ಆಕೆಯ ಆಶ್ರಯದಲ್ಲಿಯೇ. ಅಚ್ಚಿನ ಮನೆಯಿಲ್ಲದ ಕಾಲ ಅದು. ಒಂದೊಂದು ತಾಳೆಗರಿಯನ್ನೂ ಹದಮಾಡಿ, ಕಂಠದಿಂದ ಅಕ್ಷರ ಕೊರೆದು, ಮಸಿ ಹಚ್ಚಿ ಒರೆಸಿ, ರಂಧ್ರಕ್ಕೆ ದಾರ ಪೋಣಿಸಿ ಕಟ್ಟಬೇಕು. ಅಂತಹ ಕಟ್ಟುಗಳು ಸಾವಿರ! ಜೈನರು ಆಹಾರ, ಅಭಯ, ಔಷಧಗಳ ಸಾಲಿನಲ್ಲಿಯೇ ಶಾಸ್ತ್ರದಾನವನ್ನೂ ಇರಿಸಿದವರು. ವ್ರತದ ಉದ್ಯಾಪನೆಗೆಂದು ಗ್ರಂಥ ಬರೆಯಿಸಿ ದಾನವಿತ್ತ ಸ್ತ್ರೀಯರ ಹೆಸರುಗಳು ಹಳೆಯ ಓಲೆಪ್ರತಿಗಳ ಕೊನೆಯಲ್ಲಿ ಸಿಗುತ್ತವೆ. ಅತ್ತಿಮಬ್ಬೆಯೂ ಒಂದು ಸಂಖ್ಯೆಯನ್ನು ಗುರಿಯಾಗಿಟ್ಟುಕೊಂಡಳು; ಅದು ಕೊಡುವ ಸಂಖ್ಯೆಯಾಗಿತ್ತು.

ಅಚ್ಚು ಬಂದ ಮೇಲೆ ಪ್ರತಿಗಳಿಗೆ ಬರವಿಲ್ಲ, ಓದುಗರಿಗೆ ಬರ. ಹಳೆಯ ಮೈಸೂರಿನಲ್ಲಿ ಬಂಕಿಮಚಂದ್ರರ ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರು (1845–1914), ಉತ್ತರ ಕರ್ನಾಟಕದಲ್ಲಿ ಗಳಗನಾಥರು (1869–1942), ಇವರಿಬ್ಬರೂ ಕಾದಂಬರಿ ಓದುವ ಚಟವನ್ನು ಕನ್ನಡಿಗರಿಗೆ ಅಂಟಿಸಿದರು. ಗಳಗನಾಥರ ಬಗೆಗೆ ನನಗೆ ತುಸು ಪಕ್ಷಪಾತವಿದೆ, ಏಕೆಂದರೆ ಅವರೂ ಮೇಷ್ಟರು. ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ಹೆಸರು. ಗಳಗನಾಥ ಅವರ ಊರು. 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ಅವರ ಕಾದಂಬರಿಗಳನ್ನು ಮನೆಮನೆಗೆ ಮುಟ್ಟಿಸಿತು. ವಿಜಯನಗರ ಸ್ಥಾಪನೆಯ ಕಥೆ ಹೇಳುವ ‘ಮಾಧವ ಕರುಣಾವಿಲಾಸ’ ಅವರದೇ. ಬರೆದು ಸುಮ್ಮನೆ ಕೂರದೆ, ತಮ್ಮ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಈ ತಲೆಹೊರೆಯ ಕಥೆಯನ್ನು ನಾವೆಲ್ಲ ಭಕ್ತಿಯಿಂದ ಹೇಳುತ್ತೇವೆ. ಆದರೆ ಕಾದಂಬರಿಕಾರನೊಬ್ಬ ವಯಸ್ಸಾದ ಮೇಲೂ ಹೊರೆ ಹೊರಬೇಕಾದ ನಾಡು ಹೆಮ್ಮೆಪಡುವುದಕ್ಕಿಂತ ನಾಚಿಕೊಳ್ಳುವುದೇ ಸರಿಯೆಂದು ನನಗೆ ಅನ್ನಿಸುತ್ತದೆ.

ಆ ಹೊರೆಯನ್ನು ಅಂಚೆಯವನ ಚೀಲಕ್ಕೆ ವರ್ಗಾಯಿಸಿದ್ದು ಧಾರವಾಡದ ಮನೋಹರ ಗ್ರಂಥಮಾಲೆ. ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಈ ಮಾಲೆಯ ಮರ್ಮ ಸರಳವಾದದ್ದು: ಓದುಗ ವರ್ಷದ ಚಂದಾ ಮೊದಲೇ ಕೊಡುತ್ತಾನೆ, ವರ್ಷದುದ್ದಕ್ಕೂ ಪುಸ್ತಕಗಳು ಮನೆಗೆ ಬರುತ್ತವೆ. ಯಾವ ಪುಸ್ತಕವೆಂಬ ಆಯ್ಕೆ ಓದುಗನದಲ್ಲ. ಆದುದರಿಂದಲೇ ಹೆಸರು ಕೇಳದ ಯುವ ಲೇಖಕನೊಬ್ಬನ ನಾಟಕವೂ ಹಳ್ಳಿಯ ಚಂದಾದಾರನ ಮನೆ ಹೊಕ್ಕಿತು. ಗಿರೀಶ ಕಾರ್ನಾಡರ ‘ಯಯಾತಿ’ (1961), ಅನಂತಮೂರ್ತಿಯವರ ‘ಸಂಸ್ಕಾರ’ (1965) ಬಂದದ್ದು ಈ ಮಾಲೆಯಲ್ಲಿಯೇ. ನಾವೇ ಆರಿಸಿಕೊಂಡು ಗುರಿ ಮುಟ್ಟುವುದಕ್ಕೂ ಇನ್ನೊಬ್ಬರ ಆಯ್ಕೆಯನ್ನು ನಂಬಿ ಓದುವುದಕ್ಕೂ ಇರುವ ಅಂತರ ದೊಡ್ಡದು.

ಇನ್ನು ನನ್ನ ಪಾಪದ ಕಥೆ. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಗ್ರಂಥಾಲಯದ ಹೊಣೆ ನನ್ನ ಪಾಲಿಗೆ ಬಂದಿತ್ತು. ಗ್ರಂಥಾಲಯವೆಂದರೆ ಒಂದು ಕಬ್ಬಿಣದ ಬೀರು, ಒಂದು ದಾಸ್ತಾನು ವಹಿ, ಒಂದು ಬೀಗದ ಕೈ. ವರ್ಗವಾಗಿ ಹೋಗುವಾಗ ವಹಿಯಲ್ಲಿದ್ದಷ್ಟೂ ಪುಸ್ತಕಗಳನ್ನು ಎಣಿಸಿ ಚಾರ್ಜು ಒಪ್ಪಿಸಬೇಕು. ಕಡಿಮೆಯಾದರೆ ಸಂಬಳದಿಂದ ತುಂಬಬೇಕು. ನನಗಿಂತ ಮೊದಲಿದ್ದವರು ಬೀಗದ ಕೈ ಒಪ್ಪಿಸುತ್ತಾ ಹೇಳಿದ ಬುದ್ಧಿವಾದ ಒಂದೇ: “ತೆಗೀಬೇಡಿ ಮೇಷ್ಟ್ರೇ, ತೆಗೆದರೆ ಕೆಟ್ರಿ.” ನಾನು ಎರಡು ವರ್ಷ ತೆಗೆಯಲಿಲ್ಲ. ಮೂರನೆಯ ವರ್ಷ ಮಳೆಗಾಲದ ನಂತರ ತೆಗೆದು ನೋಡಿದರೆ ಕೆಳಗಿನ ಎರಡು ಅಂಕಣಗಳು ಗೆದ್ದಲಿನ ಪಾಲಾಗಿದ್ದವು. ರಟ್ಟು ಉಳಿದಿತ್ತು, ಒಳಗೆ ಮಣ್ಣು. ವಹಿಯ ಲೆಕ್ಕದಲ್ಲಿ ಒಂದೂ ಕಳೆದಿರಲಿಲ್ಲ.

ಪುಸ್ತಕಗಳು ಇರುವುದು ಉಪಯೋಗಕ್ಕಾಗಿ ಎಂಬುದು 1931ರಲ್ಲಿ ಎಸ್. ಆರ್. ರಂಗನಾಥನ್ ಅವರು ಹೇಳಿದ ಐದು ಸೂತ್ರಗಳಲ್ಲಿ ಮೊದಲನೆಯದು. ಗಣಿತದ ಅಧ್ಯಾಪಕರಾಗಿದ್ದು ಗ್ರಂಥಪಾಲಕರಾದ ಅವರು 1957ರಿಂದ ಬೆಂಗಳೂರಿನಲ್ಲಿ ನೆಲೆಸಿ 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಮಧ್ಯಯುಗದ ಯೂರೋಪಿನಲ್ಲಿ ಗ್ರಂಥಗಳನ್ನು ಮೇಜಿಗೆ ಸರಪಳಿಯಿಂದ ಬಿಗಿಯುತ್ತಿದ್ದರಂತೆ. ಸರಪಳಿಯಲ್ಲಿದ್ದ ಪುಸ್ತಕವನ್ನಾದರೂ ನಿಂತು ಓದಬಹುದಿತ್ತು. ನಮ್ಮ ಬೀರುವಿನದು ಅದಕ್ಕಿಂತ ಕಡೆ. ಸಾವಿರ ಪುಸ್ತಕಗಳನ್ನು ಓದಲು ಕೊಟ್ಟಾಗ ವರ್ಷಕ್ಕೆ ಐದು ಕಳೆದರೆ ಅದನ್ನು ಸಹಜವೆಂದು ಎಣಿಸಬಹುದೆಂದು ಕೇಂದ್ರ ಸರ್ಕಾರದ 2017ರ ಹಣಕಾಸು ನಿಯಮಾವಳಿ ಒಪ್ಪುತ್ತದೆ. ಇಂತಹ ಮಾತು ನಮ್ಮ ಕಾಲದ ಹಳ್ಳಿಯ ಮೇಷ್ಟರ ಕಿವಿಗೆ ಬಿದ್ದಿದ್ದರೆ ಎಷ್ಟು ಬೀರುಗಳು ತೆರೆಯುತ್ತಿದ್ದವೋ!

ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ 1965ರಲ್ಲಿ ಆಯಿತು; ಆಸ್ತಿ ತೆರಿಗೆಯೊಡನೆ ನಾವು ತೆರುವ ಗ್ರಂಥಾಲಯ ಕರ ಅದರ ಫಲ. ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, ‘ಅರಿವು ಕೇಂದ್ರ’ಗಳೆನಿಸಿದವು. 2020ರಲ್ಲಿ, ಕೊರೋನಾದಿಂದ ಶಾಲೆಗಳು ಮುಚ್ಚಿದ್ದಾಗ, ‘ಓದುವ ಬೆಳಕು’ ಎಂಬ ಹೆಸರಿನಲ್ಲಿ ಅಲ್ಲಿಗೆ ಮಕ್ಕಳನ್ನು ಕರೆತರುವ ಕಾರ್ಯ ಆರಂಭವಾಯಿತು. ಒಳ್ಳೆಯದೇ.

ಪರರ ಕೈ ಸೇರಿದ ಪುಸ್ತಕ ಹೋದಂತೆಯೇ ಸರಿ ಎಂಬ ಅರ್ಥದ ಸಂಸ್ಕೃತದ ಮಾತೊಂದಿದೆ. ಅದನ್ನು ನಾನೂ ಎಷ್ಟೋ ಸಲ ಹೇಳಿ ಜನರನ್ನು ಬರಿಗೈಯಲ್ಲಿ ಕಳುಹಿಸಿದ್ದೇನೆ. ಈ ಯುಗಾದಿಗೆ ನೋಟುಪುಸ್ತಕದಲ್ಲಿ ಎರಡು ಅಂಕಣ ಎಳೆದೆ. ಎಡಕ್ಕೆ ‘ಓದಿದ್ದು’, ಬಲಕ್ಕೆ ‘ಕೊಟ್ಟದ್ದು’. ಎಡಗಡೆ ಒಂಬತ್ತಾಗಿದೆ, ಬಲಗಡೆ ನಾಲ್ಕು. ಹತ್ತನೆಯದನ್ನು ಅರ್ಧ ಓದಿದ್ದಾಗ, ಪಕ್ಕದ ಮನೆಯ ಹೈಸ್ಕೂಲು ಹುಡುಗಿ ಬಂದು, “ತಾತ, ಇದು ಓದಿ ಕೊಡ್ಲಾ?” ಎಂದಳು. ಪುಟದ ಗುರುತಿಗೆ ಇಟ್ಟಿದ್ದ ಬಸ್ ಟಿಕೇಟನ್ನು ತೆಗೆಯದೆ ಹಾಗೆಯೇ ಕೊಟ್ಟೆ. ಮೂರು ವಾರವಾಯಿತು, ಅವಳು ಆ ಟಿಕೇಟು ದಾಟಿದ್ದಾಳೋ ಇಲ್ಲವೋ ಕೇಳಿಲ್ಲ.