ಪಟ್ಟಣ ಬಿಟ್ಟ ಮನೆ, ಪಟ್ಟಣ ಸೇರಿದ ಸೈಟು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಯಾವ ಊರಿನಲ್ಲೇ ಆಗಲಿ, ಹೆಣ್ಣು ಕೊಡುವ ಮಾತು ಶುರುವಾದರೆ ಹುಡುಗನ ಕೆಲಸ ಕೇಳಿದ ಮೇಲೆ ಬರುವ ಪ್ರಶ್ನೆ ಒಂದೇ: ‘ಬೆಂಗ್ಳೂರಲ್ಲಿ ಸ್ವಂತ ಮನೆ ಐತಾ, ಬಾಡ್ಗೇಲವ್ನಾ?’ ಸ್ವಂತದ್ದು ಎಂದರೆ, ‘ಯಾವ ಕಡೆ?’ ಬಸವನಗುಡಿ, ಮಲ್ಲೇಶ್ವರ, ಜಯನಗರ ಎಂಬ ಉತ್ತರ ಬಂದರೆ ಮಾತಿನ ಧಾಟಿಯೇ ಬದಲಾಗುತ್ತದೆ. ಊರಿನ ಗದ್ದೆ ಮಾರಿದರೂ ಆ ಬಡಾವಣೆಗಳಲ್ಲಿ ಒಂದು ಸೈಟಿನ ಮೂಲೆಯೂ ಸಿಗದು ಎಂಬುದು ಕೇಳಿದವರಿಗೂ ಗೊತ್ತು, ಹೇಳಿದವರಿಗೂ ಗೊತ್ತು.

ಹಾಗಾದರೆ ದೊಡ್ಡ ಊರಿನ ನಡುವೆ ಮನೆ ಎಂಬುದು ಸಾಮಾನ್ಯ ಸಂಬಳದವನ ಕೈಗೆ ಎಂದಾದರೂ ಎಟುಕಿತ್ತೆ? ಎಟುಕಿದ್ದರೆ ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಮೊದಲು ಬೆಂಗಳೂರಿಗೆ ಹೋಗಬೇಕಿಲ್ಲ. ಶ್ರೀರಂಗಪಟ್ಟಣದ ಕೋಟೆಯೊಳಗೆ ಒಂದು ಸುತ್ತು ಹಾಕಿದರೆ ಸಾಕು.

ಖಾಲಿಯಾದ ರಾಜಧಾನಿ

ಇಂದು ಪ್ರವಾಸಿಗಳು ಒಂದು ಮಧ್ಯಾಹ್ನದಲ್ಲಿ ನೋಡಿ ಮುಗಿಸುವ ಈ ದ್ವೀಪ ಒಂದು ಕಾಲಕ್ಕೆ ದಕ್ಷಿಣ ಭಾರತದ ದೊಡ್ಡ ನಗರಗಳಲ್ಲಿ ಒಂದಾಗಿತ್ತು. ಟಿಪ್ಪುವಿನ ಕಾಲದಲ್ಲಿ ಇಲ್ಲಿ ಒಂದೂವರೆ ಲಕ್ಷ ಜನ ಇದ್ದಿರಬೇಕು ಎಂದು 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಅಂದಾಜು ಮಾಡಿದ್ದಾನೆ. ಕೋಟೆಯ ಹೊರಗಿನ ಗಂಜಾಂ ಆ ನಗರದ ಹೊಸ ಬಡಾವಣೆ. ಅದನ್ನು ತುಂಬಿಸಲು ಟಿಪ್ಪು ಶಿರಾದಿಂದ 12 ಸಾವಿರ ಕುಟುಂಬಗಳನ್ನು ಬಲವಂತವಾಗಿ ತಂದು ನೆಲೆಗೊಳಿಸಿದನೆಂದು ಮೈಸೂರು ಗೆಜೆಟಿಯರ್ ಹೇಳುತ್ತದೆ. ಅಂದರೆ ರಾಜಧಾನಿಯಲ್ಲಿ ಮನೆ ಯಾರಿಗೆ ಎಂಬುದನ್ನು ಅಂದು ತೀರ್ಮಾನಿಸುತ್ತಿದ್ದುದು ಕೊಳ್ಳುವವನ ಹಣವಲ್ಲ, ಆಳುವವನ ಅಗತ್ಯ.

1799ರ ಮೇ 4ರಂದು ಕೋಟೆ ಬಿತ್ತು. ರಾಜಧಾನಿ ಮೈಸೂರಿಗೆ ಹೋಯಿತು. ಮರುವರ್ಷ ಬುಕಾನನ್ ಬರುವಷ್ಟರಲ್ಲಿ ಉಳಿದಿದ್ದವರು ಸುಮಾರು 32 ಸಾವಿರ. ಆಮೇಲೆ ಜ್ವರದ ಕಾಟ ತಾಳಲಾರದೆ ಇಂಗ್ಲಿಷರ ದಂಡೂ ಇಲ್ಲಿಂದ ಕಾಲು ತೆಗೆಯಿತು. 1901ರ ಜನಗಣತಿ ಹೊತ್ತಿಗೆ ಪಟ್ಟಣದ ಜನಸಂಖ್ಯೆ 8,584. ನೆರೆಯ ಪಾಂಡವಪುರದ ಕಥೆಯೂ ಇದರ ತಮ್ಮನಂತಿದೆ. ಹೈದರ್, ಟಿಪ್ಪು ಕಾಲದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ‘ಫ್ರೆಂಚ್ ರಾಕ್ಸ್’ ಎನಿಸಿಕೊಂಡ ಆ ಊರು ಮುಂದೆ ಇಂಗ್ಲಿಷರ ದಂಡಿನ ಠಾಣೆಯಾಯಿತು. ಠಾಣೆ ಎದ್ದುಹೋದ ಮೇಲೆ ಊರಿನ ವಹಿವಾಟೂ ಇಳಿಯಿತು.

ಹೀಗೆ ಶ್ರೀರಂಗಪಟ್ಟಣದಲ್ಲಿ ಊರ ನಡುವಿನ ಮನೆ ಸುಲಭವಾದದ್ದೇನೋ ನಿಜ. ಆದರೆ ಅಷ್ಟು ಹೊತ್ತಿಗೆ ಅದು ದೊಡ್ಡ ಊರಾಗಿ ಉಳಿದಿರಲಿಲ್ಲ.

ಪ್ಲೇಗು ತೋರಿಸಿದ ದಾರಿ

ಶ್ರೀರಂಗಪಟ್ಟಣ ಕಳೆದುಕೊಂಡದ್ದರಲ್ಲಿ ದೊಡ್ಡ ಪಾಲು ಬೆಂಗಳೂರಿಗೆ ಸೇರಿತು. ಇಲ್ಲಿಂದ ಹೊರಟ ದಂಡಿಗಾಗಿ 1809ರಲ್ಲಿ ಹಲಸೂರಿನ ಬಳಿ ದಂಡುಪ್ರದೇಶ ತಲೆಯೆತ್ತಿತು. 1831ರಲ್ಲಿ ಮೈಸೂರಿನ ಆಡಳಿತ ಕಮಿಷನರ ಕೈಗೆ ಹೋದಾಗ ಕಚೇರಿಗಳೂ ಅಲ್ಲಿಗೇ ನಡೆದವು. ಕಚೇರಿ ಇದ್ದಲ್ಲಿ ಗುಮಾಸ್ತ, ಗುಮಾಸ್ತ ಇದ್ದಲ್ಲಿ ಬಾಡಿಗೆ ಮನೆ.

ಕೆಂಪೇಗೌಡನ ಪೇಟೆಯ ಓಣಿಗಳು ಅದಾಗಲೇ ಕಿಕ್ಕಿರಿದಿದ್ದವು. ಗೋಡೆಗೆ ಗೋಡೆ ತಾಗಿದ ಮನೆಗಳು, ಗಾಳಿ ಬೆಳಕಿಲ್ಲದ ಕೋಣೆಗಳು. 1892ರಲ್ಲಿ ಚಾಮರಾಜಪೇಟೆ ರೂಪುಗೊಂಡಿತು. ಬಸವನಗುಡಿ ಮತ್ತು ಮಲ್ಲೇಶ್ವರದ ಯೋಜನೆಗಳೂ ಸಿದ್ಧವಾಗುತ್ತಿದ್ದವು. 1898ರ ಆಗಸ್ಟ್‌ನಲ್ಲಿ ಪ್ಲೇಗು ಬಂತು. ಪೇಟೆ ಬಿಡಲೊಲ್ಲದ ಜನರನ್ನು ಅದು ಹೊರಕ್ಕೆ ಅಟ್ಟಿತು. ಬಸವನಗುಡಿಗೆ 440 ಎಕರೆ, ಮಲ್ಲೇಶ್ವರಕ್ಕೆ 291 ಎಕರೆ ಜಾಗ. ನೇರ ರಸ್ತೆ, ಅಡ್ಡರಸ್ತೆ, ಮನೆಯ ಹಿಂದೆ ಜಾಡಮಾಲಿಗಳು ಓಡಾಡುವ ಗಲ್ಲಿ, ಮುಂದೆ ಒಂದಿಷ್ಟು ಕೈತೋಟ. ಇಂದು ನಗರದ ಹೃದಯ ಎನ್ನುವ ಈ ಜಾಗಗಳು ಅಂದು ಊರಾಚೆ. ಅಲ್ಲಿಗೆ ಹೋದವರು ಊರಿನ ನಡುವೆ ಮನೆ ಕೊಳ್ಳಲಿಲ್ಲ. ಅಂಚಿನಲ್ಲಿ ಸೈಟು ಹಿಡಿದರು, ಊರು ಅವರನ್ನು ದಾಟಿ ಬೆಳೆಯಿತು.

ಸೈಟು ಸಿಕ್ಕರೆ ಸಾಲದು, ಕಟ್ಟಲು ದುಡ್ಡು ಬೇಕು. ಸಹಕಾರ ತತ್ವದ ಮೇಲೆ ಮನೆ ಕಟ್ಟಿಕೊಳ್ಳುವ ದೇಶದ ಮೊದಲ ಸಂಘವೆಂದು ಹೆಸರಾದ ಬೆಂಗಳೂರು ಬಿಲ್ಡಿಂಗ್ ಕೋಆಪರೇಟಿವ್ ಸೊಸೈಟಿ 1909ರಲ್ಲಿ ಹುಟ್ಟಿದ್ದು ಇಲ್ಲೇ. ಮೈಸೂರಿನಲ್ಲೂ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಸ್ಥಾಪನೆಯಾಗಿ ಹೊಸ ಬಡಾವಣೆಗಳು ಬಂದಿದ್ದವು.

ಅರ್ಜಿ ಹಾಕಿ ಕಾದವರು

1941ರಲ್ಲಿ ಸುಮಾರು 4 ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ 1951ಕ್ಕೆ 7.8 ಲಕ್ಷದ ಹತ್ತಿರ ಬಂತು. ಈ ಒತ್ತಡದ ನಡುವೆ 1945ರಲ್ಲಿ ಬೆಂಗಳೂರಿಗೂ ಸಿಐಟಿಬಿ ಬಂತು. 1948ರಲ್ಲಿ ರಾಜಾಜಿಯವರು ಜಯನಗರಕ್ಕೆ ಅಸ್ತಿಭಾರ ಹಾಕಿದರು. ಮಂಡ್ಯದ ಹಳ್ಳಿಗಳಿಂದ ಓದಿ ಬಂದು ಸರ್ಕಾರಿ ನೌಕರಿ ಹಿಡಿದ ಎಷ್ಟೋ ಕುಟುಂಬಗಳ ಸ್ವಂತ ಮನೆಯ ಕಥೆ ಶುರುವಾಗುವುದು ಇಲ್ಲಿಂದ. ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಹುಟ್ಟಿ ಸರ್ಕಾರಿ ನೌಕರರಾಗಿದ್ದ ಕೆ.ಎಸ್. ನರಸಿಂಹಸ್ವಾಮಿ ಅವರ ಒಂದು ಕವನ ಸಂಕಲನದ ಹೆಸರು ‘ಮನೆಯಿಂದ ಮನೆಗೆ’. ಬಾಡಿಗೆ ಮನೆ ಬದಲಿಸುತ್ತಲೇ ಸಂಸಾರ ನಡೆಸಿದ ಯಾರಿಗಾದರೂ ಆ ಹೆಸರು ತಮ್ಮದೇ ಅನ್ನಿಸೀತು.

ಸಿಐಟಿಬಿ, 1976ರಿಂದ ಅದರ ಜಾಗಕ್ಕೆ ಬಂದ ಬಿಡಿಎ, ಎರಡರ ಉಪಾಯವೂ ಸರಳ. ಜನ ಬರುವ ಮೊದಲೇ ಜಮೀನು ಹಿಡಿದು, ರಸ್ತೆ ಚರಂಡಿ ಮಾಡಿ, ನಿಗದಿತ ಬೆಲೆಗೆ ಸೈಟು ಹಂಚುವುದು. ಬಿಡಿಎ ನಿಯಮದಂತೆ ನಗರದಲ್ಲಿ ಬೇರೆ ಮನೆ, ನಿವೇಶನ ಇದ್ದವರಿಗೆ ಸೈಟಿಲ್ಲ. ಎಷ್ಟನೇ ಸಲದ ಅರ್ಜಿ ಎಂಬುದಕ್ಕೂ ಬೆಲೆಯಿತ್ತು. ಹೀಗಾಗಿ ದುಡ್ಡಿಲ್ಲದವನೂ ಕಾಯುವ ತಾಳ್ಮೆಯಿಂದ ಸೈಟು ಗಳಿಸಬಹುದಿತ್ತು.

ಅಗ್ಗದ ಇನ್ನೊಂದು ಮಗ್ಗುಲು

ಆದರೆ ಒಬ್ಬನಿಗೆ ಅಗ್ಗವಾದದ್ದು ಇನ್ನೊಬ್ಬನಿಂದ ಅಗ್ಗವಾಗಿ ಬಂದದ್ದು ಎಂಬುದನ್ನು ಮರೆಯುವಂತಿಲ್ಲ. ಬಡಾವಣೆಗಳ ಕೆಳಗೆ ರೈತರ ಹೊಲಗಳಿವೆ. ಜಯನಗರ ಬೆಳೆದಂತೆ ಯಡಿಯೂರು, ಬೈರಸಂದ್ರದಂಥ ಹಳ್ಳಿಗಳು ಅದರ ಮಡಿಲಲ್ಲಿ ಸಿಕ್ಕಿಕೊಂಡವು. ಹಳೆಯ ಬಡಾವಣೆಗಳಲ್ಲಿ ಜಾತಿ, ಮತದ ಪ್ರಕಾರ ಬ್ಲಾಕುಗಳನ್ನು ವಿಂಗಡಿಸಿದ್ದುಂಟು. ಹಿಂದಿನ ಗಲ್ಲಿಯಲ್ಲಿ ಮಲ ಹೊತ್ತವನಿಗೆ ಮುಂದಿನ ರಸ್ತೆಯಲ್ಲಿ ಸೈಟು ಇರಲಿಲ್ಲ. ವಿಚಿತ್ರವೆಂದರೆ ಇಂದು ಇಂಥ ಬಡಾವಣೆಗಳ ನಡುವೆ ಬಡವನಿಗೆ ಒಂದು ಬಾಡಿಗೆ ಕೋಣೆ ಸಿಕ್ಕರೆ ಅದು ಹೆಚ್ಚಾಗಿ ನಕ್ಷೆಗೆ ಸಿಗದ ಆ ಹಳ್ಳಿಗಳ ಓಣಿಯಲ್ಲೇ.

ಸರ್ಕಾರದ ಸೈಟು ಸಾಲದಾದಾಗ ಹುಟ್ಟಿದ್ದು ರೆವಿನ್ಯೂ ಸೈಟು. ಕೃಷಿ ಜಮೀನನ್ನು ಭೂಪರಿವರ್ತನೆ ಮಾಡಿಸದೆ, ನಕ್ಷೆಗೆ ಮಂಜೂರಾತಿ ಪಡೆಯದೆ ತುಂಡು ಮಾಡಿ ಮಾರಿದ್ದು ಅದು. ನಾಗಮಂಗಲದಲ್ಲಿ ಗದ್ದೆ ಮಾರಿದ ದುಡ್ಡು ಬೆಂಗಳೂರಿನ ಹೊರವಲಯದಲ್ಲಿ ಇಂಥ ಸೈಟಾಗಿ, ಕೊನೆಗೆ ಖಾತೆಗಾಗಿ ಕಚೇರಿ ಅಲೆಯುವ ಕಡತವಾಗಿ ನಿಂತರೆ ಆ ಸಂಸಾರಕ್ಕೆ ಅತ್ತ ಗದ್ದೆಯೂ ಇಲ್ಲ, ಇತ್ತ ನೆಮ್ಮದಿಯೂ ಇಲ್ಲ. ಆದ್ದರಿಂದ ಅಂಚಿಗೆ ಹೋಗುವುದಷ್ಟೇ ಜಾಣತನವಲ್ಲ. ಬಸವನಗುಡಿಯ ಅಂಚಿಗೂ ಇಂದಿನ ಅಂಚಿಗೂ ಇರುವ ವ್ಯತ್ಯಾಸವೆಂದರೆ, ಅಲ್ಲಿ ಜನಕ್ಕಿಂತ ಮೊದಲು ರಸ್ತೆ ಬಂದಿತ್ತು, ಇಲ್ಲಿ ರಸ್ತೆಗಿಂತ ಮೊದಲು ಜನ ಬಂದಿದ್ದಾರೆ.

ಇನ್ನು ಆ ಹಳೆಯ ರಾಜಧಾನಿ? ಅಲ್ಲಿ ಅಜ್ಜನ ಕಾಲದ ಮನೆ ಇದ್ದವರ ಪಾಡು ಬೇರೆಯೇ. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಇರುವ ಮನೆ ದುರಸ್ತಿಗೂ ಅನುಮತಿ ಬೇಕು. ಶ್ರೀರಂಗಪಟ್ಟಣದಲ್ಲಿ ಎತ್ತ ಅಳೆದರೂ ಒಂದು ಸ್ಮಾರಕ ಸಿಗುತ್ತದೆ. ಕೋಟೆಯನ್ನು ಸೀಳಿಕೊಂಡು ಹೋಗುವ ರೈಲು ಮಾತ್ರ ದಿನವೂ ಬೆಳಿಗ್ಗೆ ಇಲ್ಲಿಯ ಜನರನ್ನು ಹತ್ತಿಸಿಕೊಂಡು ಬೆಂಗಳೂರಿಗೆ ಹೊರಡುತ್ತದೆ. ಅಲ್ಲಿ ಮನೆ ಮಾಡಲಾಗದವರಲ್ಲಿ ಕೆಲವರು ಸಂಜೆ ಅದೇ ದಾರಿಯಲ್ಲಿ ಹಿಂದಿರುಗುತ್ತಾರೆ, ಒಂದು ಕಾಲದ ದೊಡ್ಡ ಊರಿನ ನಡುವೆ ಇರುವ ತಮ್ಮ ಸ್ವಂತ ಮನೆಗೆ.